ನಾಲ್ವತ್ತೇಳು ತಿರುಪುಮೊಳೆಗಳು

ನಾನು ಉಪಾಧ್ಯಾಯನಾಗಿದ್ದ ಕಾಲದಲ್ಲಿ ಊರಿಂದೂರಿಗೆ ವರ್ಗವಾದಾಗಲೆಲ್ಲ ಹೊಸಬರಿಗೆ ಚಾರ್ಜು ಒಪ್ಪಿಸಬೇಕಾಗುತ್ತಿತ್ತು. ಭೂಪಟ, ಕುರ್ಚಿ, ಗಡಿಯಾರಗಳ ಪಟ್ಟಿ ಬರೆದು ಇಬ್ಬರೂ ರುಜು ಹಾಕುತ್ತಿದ್ದೆವು. ಗಡಿಯಾರ ಒಂದು ಎಂದು ಬರೆಯುತ್ತಿದ್ದೆವೇ ಹೊರತು ಅದು ನಡೆಯುವುದೋ ಇಲ್ಲವೋ ಎಂದು ಬರೆದವರಿಲ್ಲ. ಶಾಲೆಯ ಗಂಟೆ ತಡವಾಗಿ ಬಾರಿಸಿತು, ಅಷ್ಟೆ. ಇಂಥದೇ ಲೋಪವು ವಿಮಾನಗಳ ದುರಸ್ತಿಯಲ್ಲಿ ಒದಗಿದರೆ ಆಗುವ ಅನರ್ಥವನ್ನು ವಾಚಕರ ಮುಂದಿಡಬೇಕೆಂದು ಈ ಲೇಖನ.

ಹಗಲು ಹಾರುವ ವಿಮಾನಗಳ ದುರಸ್ತಿಯು ಬಹುಮಟ್ಟಿಗೆ ರಾತ್ರಿಯಲ್ಲಿ ನಡೆಯುತ್ತದೆ. ಕೆಲಸಗಾರರು ಪಾಳಿಯಂತೆ ಬಂದು ಹೋಗುವುದರಿಂದ ಒಬ್ಬನು ಬಿಚ್ಚಿದುದನ್ನು ಮತ್ತೊಬ್ಬನು ಜೋಡಿಸಬೇಕಾಗುವುದುಂಟು. 1991ನೆಯ ಇಸವಿ ಸೆಪ್ಟೆಂಬರ್ 10ರ ರಾತ್ರಿ, ಅಮೆರಿಕದ ಹ್ಯೂಸ್ಟನ್ ನಗರದ ವಿಮಾನಶಾಲೆಯಲ್ಲಿ ಎಂಬ್ರೇಯರ್ 120 ಎಂಬ ಜಾತಿಯ ವಿಮಾನವೊಂದು ನಿಂತಿತ್ತು. ಅದರ ಬಾಲದ ತುದಿಯಲ್ಲಿ ಎಡಬಲಕ್ಕೆ ಚಾಚಿದ ಅಡ್ಡರೆಕ್ಕೆಯ ಮುಂದಂಚಿಗೆ, ಕಟ್ಟಿದ ಹಿಮವನ್ನು ಒಡೆದು ಕೆಡಹುವ ರಬ್ಬರಿನ ಹೊದಿಕೆಯಿರುತ್ತದೆ. ಎರಡು ಕಡೆಯ ಹೊದಿಕೆಗಳನ್ನೂ ಬದಲಾಯಿಸತಕ್ಕದ್ದೆಂದು ಗೊತ್ತಾಗಿತ್ತು. ಸಂಜೆಯ ಪಾಳಿಯವರು ಬಲಭಾಗವನ್ನು ಬಿಚ್ಚುತ್ತಿದ್ದಾಗ, ಪರರ ಕೆಲಸವನ್ನು ಪರೀಕ್ಷಿಸಬೇಕಾದ ತನಿಖೆಗಾರನೊಬ್ಬನು ತಾನೂ ಮೇಲೇರಿ ಕೈಗೂಡಿಸಿದನು. ಬಲದ ಮೇಲುಮೊಳೆಗಳನ್ನು ತೆಗೆದು, ಎಡದವನ್ನೂ ತೆಗೆದನು. ಅಷ್ಟರಲ್ಲಿ ಪಾಳಿ ಮುಗಿಯಿತು.

ಎಡಭಾಗದ ಮೊಳೆಗಳು ಹೊರಗಿವೆ ಎಂಬ ಒಂದು ಸಾಲು ಮುಂದಿನ ಪಾಳಿಯವರ ಕಾಗದಕ್ಕೆ ಏರಲಿಲ್ಲ. ಅವರು ಬಲಭಾಗವನ್ನು ಜೋಡಿಸಿದರು. ಎಡದ ಕೆಲಸ ಇನ್ನೊಂದು ದಿನಕ್ಕಿರಲಿ ಎಂದರು. ಮುಟ್ಟದ ಭಾಗವನ್ನು ಪರೀಕ್ಷಿಸುವುದೇತಕ್ಕೆ? ಕೆಳಗಡೆಯ ಮೊಳೆಗಳು ಸ್ವಸ್ಥಾನದಲ್ಲಿದ್ದುವು. ಬಾಲದ ನೆತ್ತಿಯು ನೆಲದ ಮೇಲೆ ನಿಂತವನ ಕಣ್ಣಿಗೆ ಕಾಣುವಂಥದಲ್ಲ. ಹೀಗೆ ಸ್ಕ್ರೂ ಎಂದು ನಾವು ಕರೆಯುವ ತಿರುಪುಮೊಳೆಗಳು 47 ಇಲ್ಲದೆಯೇ ವಿಮಾನವು ಹೊರಬಿದ್ದಿತು. ಮೊಳೆಗಳು ಕಳೆದುಹೋಗಿರಲಿಲ್ಲ. ತೆಗೆದವನು ಅವನ್ನು ಜೋಪಾನವಾಗಿ ಚೀಲದಲ್ಲಿ ಹಾಕಿಟ್ಟಿದ್ದನು.

ಮರುದಿನ ಬೆಳಗ್ಗೆ ಅದು ಲಾರೆಡೋ ಪಟ್ಟಣಕ್ಕೆ ಸುಖವಾಗಿ ಹೋಯಿತು. ಹಿಂದಿರುಗುವಾಗ ಈಗಲ್ ಲೇಕ್ ಎಂಬಲ್ಲಿ ಇಳಿಮುಖವಾಗಿ ವೇಗದಿಂದ ಬರುತ್ತಿರಲು, ಗಾಳಿಯ ಹೊಡೆತಕ್ಕೆ ಎಡದ ಮುಂದಂಚು ಕಿತ್ತುಹೋಯಿತು. ವಿಮಾನವು ತಲೆಕೆಳಗಾಗಿ ಆಕಾಶದಲ್ಲಿಯೇ ಛಿನ್ನಭಿನ್ನವಾಯಿತು. ಅದರಲ್ಲಿದ್ದ 14 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ಇಲ್ಲಿ ಮೊಳೆಯನ್ನು ಹಾಕದಿದ್ದುದು ತಪ್ಪು; ಬೇರೆ ಮೊಳೆಯನ್ನು ಹಾಕಿ ಕೆಟ್ಟ ಸಂಗತಿಯೂ ಉಂಟು. ಅದರ ಹಿಂದಿನ ವರ್ಷ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಜನ ಸಾಲದೆ, ರಾತ್ರಿಪಾಳಿಯ ಮುಖ್ಯಸ್ಥನೇ ವಿಮಾನದ ಮುಂಗಾಜನ್ನು ಕೂರಿಸಿದನು. ಉಗ್ರಾಣದವನು ಸರಿಯಾದ ಬೋಲ್ಟಿನ ಸಂಖ್ಯೆಯನ್ನು ಹೇಳಿದ್ದರೂ, ಈತನು ಹಳೆಯ ಬೋಲ್ಟನ್ನು ಕೈಯಲ್ಲಿ ಹಿಡಿದು ಕಣ್ಣಳತೆಯಿಂದಲೇ ಹೊಸವನ್ನು ಆರಿಸಿದನು. 90 ಬೋಲ್ಟುಗಳಲ್ಲಿ 84 ಒಂದು ಮಿಲಿಮೀಟರಿಗಿಂತಲೂ ಕಡಿಮೆ ಅಳತೆಯಷ್ಟು ತೆಳುವಾಗಿದ್ದುವು. ಮಾದರಿಗೆ ಹಿಡಿದ ಹಳೆಯ ಬೋಲ್ಟೂ ಸರಿಯಾದುದಲ್ಲವಂತೆ! ಮಾಡಿದವನೇ ಮುಖ್ಯಸ್ಥನಾದುದರಿಂದ ಅವನ ಕೆಲಸವನ್ನು ಪುನಃ ನೋಡುವವರು ಯಾರೂ ಇರಲಿಲ್ಲ. 1990ರ ಜೂನ್ 10ರಂದು 17,300 ಅಡಿಗಳ ಎತ್ತರದಲ್ಲಿ ಗಾಜು ಹಾರಿಹೋಗಿ, ಕಪ್ತಾನನ ಅರ್ಧ ಶರೀರವು ಹೊರಗೆ ಸೆಳೆಯಲ್ಪಟ್ಟಿತು. ಪರಿಚಾರಕರು ಅವನ ಕಾಲುಗಳನ್ನು ಹಿಡಿದುಕೊಂಡೇ ಇದ್ದರು. ಸಹಚಾಲಕನು ಸೌತಾಂಪ್ಟನ್ನಿನಲ್ಲಿ ಇಳಿಸಿದನು. ಕಪ್ತಾನನು ಬದುಕಿದನೆಂಬುದು ದೈವಕೃಪೆ.

ಟೆಕ್ಸಾಸಿನ ದುರಂತವನ್ನು ವಿಚಾರಿಸಿದ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿಯು, ಕೆಲಸಗಾರರೂ ತನಿಖೆಗಾರರೂ ನಿಯಮ ಪಾಲಿಸದಿದ್ದುದೇ ಕಾರಣವೆಂದು 1992ರಲ್ಲಿ ನಿರ್ಣಯಿಸಿತು. ಸದಸ್ಯರಾದ ಜಾನ್ ಲಾಬರ್ ಎಂಬುವರು ಮಾತ್ರ ಒಪ್ಪಲಿಲ್ಲ. ನಿಯಮವನ್ನು ಎಲ್ಲರೂ ಪಾಲಿಸುವಂಥ ನಡವಳಿಕೆಯನ್ನು ಬೆಳೆಸದ ಆಡಳಿತದವರೂ ಇದಕ್ಕೆ ಹೊಣೆಯೆಂದು ಅವರು ಪ್ರತ್ಯೇಕವಾಗಿ ಬರೆದರು. ನನಗೂ ಅದೇ ಸರಿಯೆಂದು ತೋರುತ್ತದೆ. ಪಟ್ಟಿಯಲ್ಲಿ ಗಡಿಯಾರ ನಡೆಯುವುದೇ ಎಂಬ ಕಲಮು ಇದ್ದಿದ್ದರೆ ನಾನೂ ಅದರ ಬೀಗದ ಕೈ ತಿರುಗಿಸಿ ನೋಡುತ್ತಿದ್ದೆ.