ಕುರಿ ಆಡುಗಳ ಹೊಟ್ಟೆಹುಳು: ಔಷಧಕ್ಕಿಂತ ಮೊದಲು ಮಾಡಬೇಕಾದ್ದು

ಮಳೆ ಹಿಡಿದು ಶ್ರಾವಣ ಬರುವ ಹೊತ್ತಿಗೆ ಜತ್ತ, ಅಕ್ಕಲಕೋಟೆ ಸೀಮೆಯ ಹಟ್ಟಿಗಳಲ್ಲಿ ಕೇಳಿಬರುವ ದೂರು ಒಂದೇ. ಮೇವು ಬೇಕಾದಷ್ಟಿದ್ದರೂ ಕುರಿ ಬಡವಾಗುತ್ತದೆ. ದವಡೆಯ ಕೆಳಗೆ ನೀರು ತುಂಬಿದ ಚೀಲದಂತೆ ಬಾವು ಇಳಿಯುತ್ತದೆ. ಒಂದು ದಿನ ಬೆಳಿಗ್ಗೆ ಅದು ಮೇಲೇಳುವುದೇ ಇಲ್ಲ. ಮಾಡಗ್ಯಾಳ ತಳಿಯ ಒಂದು ಕುರಿ ಹೋದರೆ ಬಡವನ ಮನೆಯಲ್ಲಿ ವರ್ಷದ ಲೆಕ್ಕವೇ ತಪ್ಪುತ್ತದೆ.

ಇದು ಬಹುಮಟ್ಟಿಗೆ ಜಂತುಹುಳುವಿನ ಕೆಲಸ. ಮಂದೆಗೆಲ್ಲ ಔಷಧ ಕುಡಿಸಿದರೆ ತೀರಿತೆಂದು ಹಲವರ ಎಣಿಕೆ. ಆದರೆ ಒಂದೇ ಔಷಧವನ್ನು ಮೇಲಿಂದ ಮೇಲೆ ಕುಡಿಸಿದರೆ ಅದಕ್ಕೆ ಜಗ್ಗದ ಹುಳುಗಳು ಮಾತ್ರ ಉಳಿದು ಸಂತತಿ ಬೆಳೆಸುತ್ತವೆ. ಥಯಾಬೆಂಡಜೋಲ್ ಎಂಬ ಔಷಧ ಪೇಟೆಗೆ ಬಂದದ್ದು 1961ರಲ್ಲಿ. ಅದಕ್ಕೆ ಸಾಯದ ಹುಳು ಅಮೇರಿಕದ ಕುರಿಗಳಲ್ಲಿ ಕಂಡದ್ದು 1964ರಲ್ಲಿ. ಅನಂತರ ಬಂದ ಔಷಧಗಳ ಗತಿಯೂ ಬಹಳ ಬೇರೆಯಾಗಲಿಲ್ಲ. ಆದುದರಿಂದ ಔಷಧವನ್ನು ಆಪತ್ತಿಗೆಂದು ಕಾಯ್ದಿಟ್ಟು, ಹುಳು ಹೊಟ್ಟೆ ಸೇರುವ ದಾರಿಯನ್ನೇ ಕಡಿಯಬೇಕೆಂಬುದು ನಮ್ಮ ಮಾತು.

ಹುಳುವಿನ ದಾರಿ

ಎಲ್ಲಕ್ಕಿಂತ ಕೆಟ್ಟದ್ದು ನಾಲ್ಕನೆಯ ಹೊಟ್ಟೆಯಲ್ಲಿ ಕುಳಿತು ರಕ್ತ ಹೀರುವ, ಸುಮಾರು ಒಂದು ಇಂಚು ಉದ್ದದ ದಾರದಂಥ ಹುಳು. ಒಂದು ಹೆಣ್ಣುಹುಳು ದಿನಕ್ಕೆ 5,000ದಿಂದ 10,000 ತತ್ತಿ ಇಡುತ್ತದೆ. ತತ್ತಿ ಹಿಕ್ಕೆಯೊಡನೆ ನೆಲಕ್ಕೆ ಬೀಳುತ್ತದೆ. ಬೆಚ್ಚಗೆ, ತೇವವಾಗಿ ಇದ್ದರೆ ಒಂದು ವಾರದೊಳಗೆ ಮರಿ ಸಿದ್ಧವಾಗಿ, ಒದ್ದೆ ಹುಲ್ಲಿನ ಮೇಲೆ ಹತ್ತುತ್ತದೆ. ಅದು ಹೆಚ್ಚಾಗಿ ನೆಲದಿಂದ ಎರಡು ಇಂಚಿನೊಳಗೇ ಇರುತ್ತದೆ. ಕುರಿ ಆ ಹುಲ್ಲು ತಿಂದ ಮೂರು ವಾರಕ್ಕೆ ಹೊಟ್ಟೆಯಲ್ಲಿ ಮತ್ತೆ ತತ್ತಿ ಇಡುವ ಹುಳು ತಯಾರು.

ಮೇಯಿಸುವ ಕ್ರಮ

ಇಬ್ಬನಿ ಆರಿದ ಮೇಲೆಯೇ ಮಂದೆ ಬಿಡಿರಿ. ಹುಲ್ಲು ನಾಲ್ಕು ಬೆರಳಿಗಿಂತ ಗಿಡ್ಡಾಗುವವರೆಗೆ ಒಂದೇ ಜಾಗದಲ್ಲಿ ಮೇಯಿಸಬೇಡಿರಿ. ಕೆರೆಯಂಚಿನ ಜೌಗಿನಲ್ಲಿ ಬಸವನಹುಳುವಿನ ಮೂಲಕ ಯಕೃತ್ತಿನ ಚಪ್ಪಟೆ ಹುಳುವೂ ಅಂಟುವುದರಿಂದ ಅತ್ತ ಮಂದೆ ಹೋಗದಿರಲಿ.

ಅಲೆಯುವ ಕುರುಬರ ಪದ್ಧತಿಯಲ್ಲಿ ಒಂದು ಗುಟ್ಟಿದೆ. ಹೊಲದಲ್ಲಿ ಎರಡು ಮೂರು ರಾತ್ರಿ ಕುರಿ ತರುಬಿ ಮುಂದಕ್ಕೆ ಹೋದರೆ, ಮರಿಹುಳು ಸಿದ್ಧವಾಗುವಷ್ಟರಲ್ಲಿ ಮಂದೆ ಅಲ್ಲಿರುವುದಿಲ್ಲ. ಹೊಲದವನಿಗೆ ಗೊಬ್ಬರ, ಕುರಿಗೆ ಆರೋಗ್ಯ. ಊರಲ್ಲೇ ನಿಂತ ಮಂದೆಗೂ ಇದೇ ನಿಯಮ: ಗೋಮಾಳವನ್ನು ಪಾಲು ಮಾಡಿಕೊಂಡು ಒಂದೊಂದರಲ್ಲಿ ಮೂರು ನಾಲ್ಕು ದಿನ ಮಾತ್ರ ಮೇಯಿಸುವುದು. ಪೆಸಿಫಿಕ್ ಸಾಗರದ ಮಳೆನಾಡಿನ ದ್ವೀಪಗಳಲ್ಲಿ 1990ರ ದಶಕದಲ್ಲಿ ಹತ್ತು ಪಾಲು ಮಾಡಿ, ಸುಮಾರು ಒಂದು ತಿಂಗಳಿಗೆ ಮೊದಲ ಪಾಲಿಗೆ ಮರಳಿ ಆಡುಗಳನ್ನು ಮೇಯಿಸಿದಾಗ ಹುಳು ಬಹಳ ಕಡಿಮೆಯಾಯಿತು. ನಮ್ಮ ಚಳಿಗಾಲದಲ್ಲಿ ಮರಿಹುಳು ಇನ್ನೂ ಹೆಚ್ಚು ದಿನ ಬದುಕೀತು. ಆಗ ಎರಡು ತಿಂಗಳು ಬಿಟ್ಟರೆ ಲೇಸು. ನಡುವೆ ಬೆಳೆದ ದನಗಳನ್ನು ಮೇಯಿಸಬಹುದು; ಕುರಿಯ ಹುಳು ಅವುಗಳಲ್ಲಿ ಅಷ್ಟಾಗಿ ಬೆಳೆಯದು. ಬಿಳಿಜೋಳ ಕೊಯ್ದ ಹೊಲ ಎಲ್ಲಕ್ಕಿಂತ ಶುದ್ಧ. ಅದನ್ನು ಮರಿಗಳಿಗೂ ಈದ ಕುರಿಗಳಿಗೂ ಮೀಸಲಿಡಿರಿ.

ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತೇವೆ. ತಲೆ ಎತ್ತಿ ಸೊಪ್ಪು ತಿನ್ನುವುದೇ ಅದಕ್ಕೆ ರಕ್ಷಣೆ. ಗಿಡ್ಡ ಹುಲ್ಲಿನಲ್ಲಿ ಕಟ್ಟಿದರೆ ಆಡು ಕುರಿಗಿಂತ ಬೇಗ ಸೊರಗುತ್ತದೆ. ಹಟ್ಟಿಯಲ್ಲಿ ಮೇವನ್ನು ನೆಲಕ್ಕೆ ಚೆಲ್ಲದೆ ಗೋದಲಿಯಲ್ಲಿ ಹಾಕಿರಿ; ಹಿಕ್ಕೆಯನ್ನು ದಿನವೂ ಗುಡಿಸಿ ತಿಪ್ಪೆಗೆ ಹಾಕಿರಿ. ತಿಪ್ಪೆಯ ಒಳಗಿನ ಕಾವಿಗೆ ತತ್ತಿ ಸಾಯುತ್ತವೆ.

ಕಣ್ಣು ನೋಡಿ ಔಷಧ

ಮಂದೆಯಲ್ಲಿ ಹೆಚ್ಚಿನ ಹುಳು ಕೆಲವೇ ಕುರಿಗಳ ಹೊಟ್ಟೆಯಲ್ಲಿರುತ್ತದೆ. ಅವನ್ನು ಗುರುತಿಸಲು ದಕ್ಷಿಣ ಆಫ್ರಿಕದಲ್ಲಿ ಒಂದು ಕ್ರಮ ಕಂಡುಹಿಡಿದರು. ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಎಳೆದು ಒಳಬಣ್ಣ ನೋಡುವುದು. ಕಡುಗೆಂಪಿಗೆ 1, ಕಾಗದದಂಥ ಬಿಳುಪಿಗೆ 5. ಒಂದು ಎರಡಕ್ಕೆ ಔಷಧ ಬೇಡ. ನಾಲ್ಕು ಐದಕ್ಕೆ ತಡಮಾಡಬೇಡಿರಿ. ಮೂರು ಬಂದದ್ದು ಮರಿ, ಗಬ್ಬದ ಕುರಿ ಅಥವಾ ಬಡಕಲಾದರೆ ಅದಕ್ಕೂ ಕೊಡಿರಿ. ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆ ಹೀಗೆ ನೋಡಬೇಕು. ಪ್ರತಿಸಲವೂ ಬಿಳುಚುವ ಕುರಿಯನ್ನು ತಳಿಗೆ ಇಡದೆ ಮಾರಿಬಿಡಿರಿ. ಔಷಧವಿಲ್ಲದೆ ಕೆಂಪಾಗಿಯೇ ಉಳಿದ ಕುರಿಯ ಮರಿಯನ್ನು ಟಗರಿಗೆ ಆರಿಸಿರಿ. ಗಬ್ಬದ ಕೊನೆಯ ತಿಂಗಳಲ್ಲೂ ಈದ ಮೇಲೂ ಸ್ವಲ್ಪ ಶೇಂಗಾ ಹಿಂಡಿ ಕೊಟ್ಟರೆ ಹುಳುವನ್ನು ತಡೆಯುವ ಶಕ್ತಿ ಮೈಯಲ್ಲೇ ಬರುತ್ತದೆ.

ಎರಡು ಎಚ್ಚರಿಕೆ. ಮೈಲುತುತ್ತ ಕುಡಿಸುವ ಹಳೆಯ ಪದ್ಧತಿ ಬಿಡಿರಿ. ಅದರ ತಾಮ್ರ ಕುರಿಗೆ ವಿಷ. ಬೇವಿನ ಸೊಪ್ಪೊಂದನ್ನೇ ನಂಬಿ, ಬಾವು ಇಳಿದ ಕುರಿಯನ್ನು ಕಾಯಿಸಬೇಡಿರಿ. ಅಂಥದ್ದನ್ನು ದವಾಖಾನೆಗೆ ಒಯ್ಯಿರಿ, ಜೊತೆಗೆ ಹೊಸ ಹಿಕ್ಕೆಯನ್ನೂ ಒಯ್ಯಿರಿ. ಅಲ್ಲಿ ಮರಾಠಿಯಲ್ಲಿ ಕೇಳಬೇಕಾದರೆ ‘ಜಂತ’ ಎಂದರೆ ಸಾಕು, ತಿಳಿಯುತ್ತದೆ. ಕುರಿಯ ತೂಕಕ್ಕೆ ತಕ್ಕ ಪ್ರಮಾಣ ಕೇಳಿಕೊಳ್ಳಿರಿ. ಆಡಿನ ಪ್ರಮಾಣ ಬೇರೆ ಇರುವುದುಂಟು. ಸಂತೆಯಿಂದ ತಂದ ಹೊಸ ಕುರಿಯನ್ನು ಹಿಕ್ಕೆ ಪರೀಕ್ಷೆಯಾಗುವವರೆಗೆ ಬೇರೆ ಕಟ್ಟಿರಿ.

ಮುಂದಿನ ಮುಂಗಾರಿಗೆ ಮೊದಲೇ ಗೋಮಾಳದ ಪಾಲುಗಳನ್ನು ಊರವರೆಲ್ಲ ಕೂಡಿ ಗೊತ್ತುಮಾಡಿಕೊಳ್ಳಿರಿ. ಒಬ್ಬನ ಮಂದೆ ಬಿಟ್ಟ ಪಾಲಿನಲ್ಲಿ ಮರುದಿನ ಇನ್ನೊಬ್ಬನ ಮಂದೆ ಮೇಯ್ದರೆ ಇಬ್ಬರ ಶ್ರಮವೂ ವ್ಯರ್ಥವಾದೀತು.