ಪರರ ಬಂದೂಕು ಹೊತ್ತ ಗುಡ್ಡಗಾಡಿನವರು

ವೃತ್ತಪತ್ರಿಕೆಗಳ ವಿದೇಶವಾರ್ತೆಯ ಪುಟದಲ್ಲಿ, ಒಂದು ದೇಶದ ಅಂತರ್ಯುದ್ಧದಲ್ಲಿ ಇನ್ನೊಂದು ದೇಶದ ಬೆಂಬಲ ಪಡೆದ ‘ವಿಶೇಷ ಪಡೆ’ ಕಾದುತ್ತಿದೆ ಎಂಬ ಸುದ್ದಿಯನ್ನು ವಾಚಕರು ಆಗಾಗ ಓದಿರಬಹುದು. ಇಂಥ ಪಡೆಯನ್ನು ಕಟ್ಟುವವರು ಯಾರು? ಸಾಕುವವರು ಯಾರು? ಕೊನೆಗೆ ಅದರ ಗತಿಯೇನು? ಇದನ್ನು ತಿಳಿಯಲು ಲಾವೋಸ್ ದೇಶದ ಉದಾಹರಣೆಯೊಂದೇ ಸಾಕು.

ಲಾವೋಸ್ ಕಡಲತೀರವಿಲ್ಲದ ಗುಡ್ಡಗಾಡು ದೇಶ. ಪೂರ್ವಕ್ಕೆ ವಿಯೆಟ್ನಾಂ, ಪಶ್ಚಿಮಕ್ಕೆ ಮೆಕಾಂಗ್ ನದಿಯಾಚೆ ಥಾಯ್ಲೆಂಡ್. ಫ್ರೆಂಚರು ಬಿಟ್ಟುಹೋದ ಮೇಲೆ ಅಲ್ಲಿ ಅರಸರ ಸರ್ಕಾರಕ್ಕೂ ಪಾಥೆಟ್ ಲಾವೊ ಎಂಬ ಕಮ್ಯೂನಿಸ್ಟರಿಗೂ ಹೋರಾಟ ಹತ್ತಿತು. ಕಮ್ಯೂನಿಸ್ಟರ ಬೆನ್ನಿಗೆ ಉತ್ತರ ವಿಯೆಟ್ನಾಂ, ಸರ್ಕಾರದ ಬೆನ್ನಿಗೆ ಅಮೆರಿಕ. 1962ರ ಜುಲೈ ತಿಂಗಳಲ್ಲಿ ಜಿನೀವಾದಲ್ಲಿ ಒಪ್ಪಂದವಾಯಿತು: ಲಾವೋಸ್ ತಟಸ್ಥ ರಾಷ್ಟ್ರ, ಪರದೇಶದ ಸೈನ್ಯಗಳೆಲ್ಲ ಹೊರಡಬೇಕು. ಇದನ್ನು ನೋಡಿಕೊಳ್ಳಲು ಭಾರತ, ಕೆನಡಾ, ಪೋಲೆಂಡುಗಳ ಆಯೋಗವಿತ್ತು. ಅದರ ಅಧ್ಯಕ್ಷಸ್ಥಾನ ನಮ್ಮ ದೇಶದ್ದು. ಆದರೆ ಉತ್ತರ ವಿಯೆಟ್ನಾಂ ತನ್ನ ಸೈನ್ಯದ ಬಹುಭಾಗವನ್ನು ಕದಲಿಸಲಿಲ್ಲ. ಅಮೆರಿಕ ತನ್ನ ಸೈನಿಕ ಸಲಹೆಗಾರರನ್ನು ಹಿಂದಕ್ಕೆ ಕರೆಸಿಕೊಂಡಿತಾದರೂ ಯುದ್ಧವನ್ನು ಗುಪ್ತವಾಗಿ ಮುಂದುವರಿಸಿತು.

ಒಪ್ಪಂದವನ್ನು ಬಹಿರಂಗವಾಗಿ ಮುರಿಯದೆ ಕಾದಬೇಕಾದರೆ ಇರುವ ಉಪಾಯ ಒಂದೇ: ಹಣ ಮತ್ತು ಆಯುಧ ತನ್ನದು, ಆಳು ಆ ನೆಲದವನು. ಅದಕ್ಕೆ ಅಡಿಪಾಯ ಮೊದಲೇ ಬಿದ್ದಿತ್ತು. 1961ರ ಆರಂಭದಲ್ಲಿ ಅಮೆರಿಕದ ಬೇಹುಗಾರಿಕೆ ಸಂಸ್ಥೆಯಾದ ಸಿ.ಐ.ಎ.ಯ ಬಿಲ್ ಲೇರ್ ಎಂಬ ಅಧಿಕಾರಿ, ಲಾವೋಸ್ ಸೈನ್ಯದಲ್ಲಿದ್ದ ವಾಂಗ್ ಪಾವೊ ಎಂಬಾತನನ್ನು ಕಂಡಿದ್ದ. ವಾಂಗ್ ಪಾವೊ ಹ್ಮೋಂಗ್ ಎಂಬ ಗಿರಿಜನರವನು. ಕಾಡು ಕಡಿದು ಸುಟ್ಟು, ಬೆಟ್ಟದ ಇಳಿಜಾರಿನಲ್ಲಿ ಬತ್ತ, ಮುಸುಕಿನ ಜೋಳ, ಅಫೀಮು ಬೆಳೆಯುತ್ತಿದ್ದ ಜನ ಅವರು. ಉತ್ತರ ವಿಯೆಟ್ನಾಮಿನವರು ತಮ್ಮ ಬೆಟ್ಟಗಳನ್ನು ಹಿಡಿದಾರೆಂಬ ಭಯ ಅವರಲ್ಲಿ ಅನೇಕರಿಗಿತ್ತು. ಆದುದರಿಂದ ಅವರನ್ನು ಕೇವಲ ಕೂಲಿಯ ಸಿಪಾಯಿಗಳೆನ್ನುವುದು ನ್ಯಾಯವಲ್ಲ. ಹ್ಮೋಂಗರಲ್ಲೇ ಹಲವರು ಪಾಥೆಟ್ ಲಾವೊ ಪಕ್ಷದಲ್ಲೂ ಇದ್ದರೆಂಬುದನ್ನು ಮರೆಯಬಾರದು. ಅಂತರ್ಯುದ್ಧವೆಂದರೆ ಒಂದೇ ಕುಲ ಎರಡಾಗುವುದು.

ತರಬೇತಿಗೆ ಥಾಯ್ಲೆಂಡಿನ ಪೊಲೀಸ್ ಪಡೆಯವರು ಬಂದರು. ಬಂದೂಕುಗಳು ಆಕಾಶದಿಂದ ಇಳಿದವು. ಮುಂದೆ ಆಯ್ದ ಯುವಕರನ್ನು ಸೇರಿಸಿ ‘ವಿಶೇಷ ಗೆರಿಲ್ಲಾ ದಳ’ಗಳನ್ನು ರಚಿಸಿದರು. ಲೋಂಗ್ ಚೆಂಗ್ ಎಂಬ ಕಣಿವೆ ಇವರ ಗುಪ್ತ ಕೇಂದ್ರವಾಯಿತು. ಕೆಲವೇ ವರ್ಷಗಳಲ್ಲಿ ಅದೊಂದು ದೊಡ್ಡ ಊರಾಗಿ ಬೆಳೆದರೂ ಹೊರಜಗತ್ತಿಗೆ ಅದರ ಸುಳಿವಿರಲಿಲ್ಲ.

ಇಂಥ ಪಡೆಯನ್ನು ಕಟ್ಟಿಹಾಕುವುದು ಬಂದೂಕಿಗಿಂತ ಹೆಚ್ಚಾಗಿ ಅನ್ನ. ಗಂಡಸರು ಯುದ್ಧಕ್ಕೆ ಹೊರಟರೆ ಹೊಲ ಬೀಳು. ಶತ್ರು ಮುಂದೊತ್ತಿದರೆ ಊರೇ ಗುಳೆ. ಆಗ ಸಿ.ಐ.ಎ.ಯ ಒಡೆತನದ ಏರ್ ಅಮೆರಿಕ ಕಂಪನಿಯ ವಿಮಾನಗಳು ಅಕ್ಕಿಯ ಮೂಟೆಗಳನ್ನು ಮೇಲಿಂದ ಕೆಡವುತ್ತಿದ್ದವು. ಹೊಲ ಕಳೆದುಕೊಂಡವನಿಗೆ ಮೂಟೆಯೇ ಗತಿ; ಮೂಟೆ ಬರಬೇಕಾದರೆ ಮನೆಯಿಂದ ಒಬ್ಬ ಪಡೆಯಲ್ಲಿರಬೇಕು. ಹೀಗೆ ಸ್ವಂತ ಇಚ್ಛೆಯಿಂದ ಸೇರಿದವನಿಗೂ ಬಿಟ್ಟುಬರುವ ದಾರಿ ಉಳಿಯಲಿಲ್ಲ.

ಗೆರಿಲ್ಲಾಗಳ ಬಲವಿರುವುದು ಹೊಡೆದು ಮರೆಯಾಗುವುದರಲ್ಲಿ. ಆದರೆ ಕಾಲಕ್ರಮದಲ್ಲಿ ಇವರನ್ನು ಠಾಣ್ಯಗಳನ್ನು ಕಾಯಲು, ದೊಡ್ಡ ಸೈನ್ಯವನ್ನು ಎದುರಿಗೆ ನಿಂತು ತಡೆಯಲು ಹಚ್ಚಿದರು. 1968ರ ಮಾರ್ಚಿಯಲ್ಲಿ ಫೂ ಫಾ ಥಿ ಬೆಟ್ಟದ ಮೇಲಿನ ಅಮೆರಿಕದ ರೇಡಾರ್ ಕೇಂದ್ರ ವಿಯೆಟ್ನಾಮಿಗಳ ವಶವಾಯಿತು. ಸಾವು ಏರುತ್ತ ಹೋದಂತೆ ಸೇರುವವರ ವಯಸ್ಸು ಇಳಿಯುತ್ತ ಬಂತು. ಹ್ಮೋಂಗರ ನಡುವೆ ಪರಿಹಾರಕಾರ್ಯ ಮಾಡುತ್ತಿದ್ದ ಎಡ್ಗರ್ ಬ್ಯುಯೆಲ್ ಎಂಬ ಅಮೆರಿಕನ್ ರೈತ, 1968ರಲ್ಲಿ ಹೊಸದಾಗಿ ಸೇರಿದ 300 ಮಂದಿಯಲ್ಲಿ ನೂರಕ್ಕೆ ಮೂವತ್ತರಷ್ಟು ಜನ 14 ವರ್ಷ ಅಥವಾ ಅದಕ್ಕೂ ಚಿಕ್ಕವರೆಂದು ತಿಳಿಸಿದ. ಅವರಲ್ಲಿ ಹತ್ತು ವರ್ಷದ ಮಕ್ಕಳೂ ಇದ್ದರು.

1973ರ ಫೆಬ್ರವರಿಯಲ್ಲಿ ಕದನವಿರಾಮವಾಯಿತು. ಮರುವರ್ಷ ಏರ್ ಅಮೆರಿಕ ಲಾವೋಸನ್ನು ಬಿಟ್ಟಿತು. 1975ರ ಮೇ 14ರಂದು ವಾಂಗ್ ಪಾವೊ ಲೋಂಗ್ ಚೆಂಗಿನಿಂದ ಹೊರಟ. ಅಧಿಕಾರಿಗಳು, ಅವರ ಕುಟುಂಬದವರು ಹೀಗೆ ಎರಡು ಮೂರು ಸಾವಿರ ಜನಕ್ಕಷ್ಟೇ ವಿಮಾನದಲ್ಲಿ ಸ್ಥಳ ದೊರೆಯಿತು. ಓಡುದಾರಿಯ ಪಕ್ಕದಲ್ಲಿ ಇನ್ನೂ ಸಾವಿರಾರು ಜನ ಗಂಟುಮೂಟೆಯೊಡನೆ ಕಾದೇ ನಿಂತಿದ್ದರು. ಅನೇಕರು ಕಾಡುದಾರಿಯಲ್ಲಿ ನಡೆದು, ಮೆಕಾಂಗ್ ನದಿಯನ್ನು ಈಜಿ ಥಾಯ್ಲೆಂಡಿನ ಶಿಬಿರಗಳನ್ನು ಸೇರಿದರು. ದಾರಿಯಲ್ಲೇ ಸತ್ತವರೂ ಬಹಳ. ಇಂದು ಅಮೆರಿಕದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಹ್ಮೋಂಗರಿದ್ದಾರೆ. ಅವರ ಸೈನಿಕರ ನೆನಪಿಗೆ ವಾಷಿಂಗ್ಟನ್ ಬಳಿಯ ಆರ್ಲಿಂಗ್ಟನ್ ಸ್ಮಶಾನದಲ್ಲಿ ಒಂದು ಕಲ್ಲು ನೆಟ್ಟದ್ದು 1997ರಲ್ಲಿ, ಯುದ್ಧ ಮುಗಿದು 22 ವರ್ಷಗಳ ಬಳಿಕ. ಲಾವೋಸಿನಲ್ಲಿ ಉಳಿದವರಿಗೆ ದೊರೆತ ಪಾಲು ಬೇರೆ: 1964ರಿಂದ 1973ರವರೆಗೆ ಅಮೆರಿಕ ಸುರಿದ ಇಪ್ಪತ್ತು ಲಕ್ಷ ಟನ್ನಿಗೂ ಮಿಕ್ಕ ಬಾಂಬುಗಳಲ್ಲಿ ಸಿಡಿಯದೆ ಉಳಿದವು ಇಂದಿಗೂ ಹೊಲಗಳಲ್ಲಿ ಹುದುಗಿವೆ.

ಇನ್ನು ಮುಂದೆ ಪತ್ರಿಕೆಯಲ್ಲಿ ಇಂಥ ಪಡೆಯ ಸುದ್ದಿ ಕಂಡಾಗ ಅದರ ಶೌರ್ಯವನ್ನಷ್ಟೇ ಓದಿ ಪುಟ ತಿರುವಬಾರದು. ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಸಂಬಳ ಯಾರದು? ಮನೆಯವರ ಅನ್ನ ಯಾರ ಕೈಯಲ್ಲಿದೆ? ಸೋತ ದಿನ ಹೊರಡುವ ವಿಮಾನದಲ್ಲಿ ಜಾಗ ಯಾರಿಗೆ? ಈ ಮೂರಕ್ಕೆ ಉತ್ತರ ಸಿಕ್ಕರೆ ಉಳಿದ ಸುದ್ದಿ ತಾನಾಗಿಯೇ ಅರ್ಥವಾಗುತ್ತದೆ.