ಕಿನ್ನಾಳದ ಗೊಂಬೆ, ಕಿಟಕಿಯ ಬೆಳಕು

[ದೃಶ್ಯ: ಗೊಂಬೆಯ ಕೊರಳ ಹಾರ, ಹತ್ತಿರದಿಂದ]
ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ, ಚಿತ್ರಗಾರ ಮನೆತನಗಳು ಹಗುರ ಮರದಲ್ಲಿ ಗೊಂಬೆ ಕೆತ್ತಿ, ಹುಣಸೆಬೀಜದ ಅಂಟು ಬೆರೆಸಿದ ‘ಕಿಟ್ಟ’ ಎಂಬ ಲೇಪ ಬಳಿದು, ಕಲ್ಲುಪುಡಿ ಮತ್ತು ಅಂಟಿನ ಮಿಶ್ರಣದಿಂದ ಒಡವೆಗಳ ಉಬ್ಬು ಮೂಡಿಸಿ ಬಣ್ಣ ಹಚ್ಚುತ್ತವೆ. ಇವುಗಳ ಚಿತ್ರ ತೆಗೆಯುವಾಗ ಫೋನಿನ ಫ್ಲ್ಯಾಶ್ ಎದುರಿನಿಂದಲೇ ಬೆಳಕು ಚೆಲ್ಲುವುದರಿಂದ ನೆರಳೆಲ್ಲ ಗೊಂಬೆಯ ಹಿಂದೆ ಅಡಗಿ, ಆ ಉಬ್ಬುಗಳು ಚಪ್ಪಟೆಯಾಗಿ ಕಾಣುತ್ತವೆ.

[ದೃಶ್ಯ: ಬಿಳಿ ಪಂಚೆ ಕಟ್ಟಿದ ಕಿಟಕಿ]
ಆದ್ದರಿಂದ ಗೊಂಬೆಯನ್ನು ಕಿಟಕಿಯ ಪಕ್ಕದಲ್ಲಿರಿಸಿ, ಬೆಳಕು ಒಂದು ಬದಿಯಿಂದ ಓರೆಯಾಗಿ ಬೀಳುವಂತೆ ಮಾಡಬೇಕು. ನೇರ ಬಿಸಿಲಿದ್ದರೆ ತೆಳು ಬಿಳಿ ಪಂಚೆ ಕಟ್ಟಿ, ಆ ಬಿಸಿಲನ್ನು ನೆರಳಿನ ಅಂಚು ಮೃದುವಾಗುವ ‘ಹರಡಿದ ಬೆಳಕು’ ಆಗಿಸಬೇಕು. ಎದುರು ಬದಿಗೆ ಬಿಳಿ ಥರ್ಮಾಕೋಲ್ ನಿಲ್ಲಿಸಿದರೆ ಪ್ರತಿಫಲಿಸಿದ ಬೆಳಕು ಕಪ್ಪು ನೆರಳನ್ನು ತಿಳಿಗೊಳಿಸುತ್ತದೆ. ಕೋಣೆಯ ಹಳದಿ ಬಲ್ಬು ಉರಿಯುತ್ತಿದ್ದರೆ ಎರಡು ಬಗೆಯ ಬೆಳಕು ಬೆರೆತು ಬಣ್ಣ ಕೆಡುತ್ತದೆ.

[ದೃಶ್ಯ: ಚನ್ನಪಟ್ಟಣದ ಆಟಿಕೆ]
ಅರಗಿನ ಲೇಪವಿರುವ ಚನ್ನಪಟ್ಟಣದ ಆಟಿಕೆಯ ನುಣುಪು ಮೈ ಕನ್ನಡಿಯಂತೆ ಬೆಳಕನ್ನು ಬಿದ್ದ ಕೋನದಲ್ಲೇ ಹಿಂದಿರುಗಿಸುವುದರಿಂದ, ಬಿಳಿಯ ಹೊಳಪು ಮುಖದ ಮೇಲೆ ಬಿದ್ದಾಗ ಫೋನನ್ನು ತುಸು ಪಕ್ಕಕ್ಕೆ ಸರಿಸಿದರೆ ಇಲ್ಲವೇ ಆಟಿಕೆಯನ್ನು ತುಸು ತಿರುಗಿಸಿದರೆ ಅದು ಬೇರೆಡೆಗೆ ಸರಿಯುತ್ತದೆ.

[ದೃಶ್ಯ: ಫೋನಿನ ಪರದೆ]
ಬೆಳಕಿನ ಬಳಿಕ ಸಂಯೋಜನೆ, ಅಂದರೆ ಚೌಕಟ್ಟಿನೊಳಗೆ ವಸ್ತುವನ್ನು ಹೊಂದಿಸುವ ಕ್ರಮ. ಫೋನನ್ನು ಗೊಂಬೆಯ ಕಣ್ಣಿನ ಮಟ್ಟಕ್ಕಿಳಿಸಿ, ಹಿಂದೆ ಸರಿದು 2 ಪಟ್ಟು ಜೂಮ್ ಮಾಡಿದರೆ ಮೂಗು, ತಲೆಗಳ ಅಳತೆ ವಕ್ರವಾಗುವುದಿಲ್ಲ. ಗೊಂಬೆ ನೋಡುವ ದಿಕ್ಕಿಗೆ ಹೆಚ್ಚು ಜಾಗ ಬಿಟ್ಟು, ಹಿಂದೆ ಬೂದು ಬಣ್ಣದ ಬಟ್ಟೆ ಇಳಿಬಿಟ್ಟರೆ ಕಿನ್ನಾಳದ ಗಾಢ ಬಣ್ಣಗಳು ಎದ್ದು ಕಾಣುತ್ತವೆ. ಮಾರಾಟಕ್ಕಾಗಿ ತೆಗೆಯುವವರು ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಇನ್ನೊಂದು ಚಿತ್ರ ಸೇರಿಸಿದರೆ, ಕೊಳ್ಳುವವರಿಗೆ ಗೊಂಬೆಯ ನಿಜವಾದ ಗಾತ್ರ ತಿಳಿಯುತ್ತದೆ.